ಮಲೆನಾಡಿನಿಂದ ಅಂತರರಾಷ್ಟ್ರೀಯ ಸಂಬಂಧ ಓದಲು ಹೊರಟವರಿಗೆ

ಉಕ್ರೇನ್, ಗಾಜಾ, ಸುಂಕದ ಜಗಳ, ವೀಸಾ ತಕರಾರು. ಇದೆಲ್ಲ ಈಗ ದಿನಾ ಫೋನಿನಲ್ಲಿ ಬರುತ್ತದೆ. ಹಾಗಾಗಿ ಶಿವಮೊಗ್ಗ, ಸಾಗರ, ತೀರ್ಥಹಳ್ಳಿ, ಕೊಪ್ಪದ ಕಡೆ ಪದವಿ ಮುಗಿಸುತ್ತಿರುವ ಹುಡುಗ ಹುಡುಗಿಯರಿಗೆ ಎಂ.ಎ.ಯಲ್ಲಿ ಅಂತರರಾಷ್ಟ್ರೀಯ ಸಂಬಂಧಗಳನ್ನೇ ಓದಿದರೆ ಹೇಗೆ ಎಂಬ ಆಸೆ ಹುಟ್ಟುವುದು ಸಹಜ. ‘ಅದನ್ನ ಓದಿ ಏನು ಮಾಡ್ತೀಯ?’ ಎಂದು ಮನೆಯವರು ಕೇಳುವುದೂ ಸಹಜ.

ಓದಿ ಎಂದೇ ನಾನು ಹೇಳುತ್ತೇನೆ. ಆದರೆ ಓದುವ ರೀತಿ ಬದಲಾಗಬೇಕು. ನಮ್ಮಲ್ಲಿ ಈ ವಿಷಯವನ್ನು ಸಾಮಾನ್ಯವಾಗಿ ರಾಜ್ಯಶಾಸ್ತ್ರದ ಎಂ.ಎ. ಒಳಗೆ ಒಂದೆರಡು ಪತ್ರಿಕೆಯಾಗಿ ಕಲಿಸುತ್ತಾರೆ. ಶೀತಲ ಸಮರ, ಅಲಿಪ್ತ ನೀತಿ, ವಿಶ್ವಸಂಸ್ಥೆಯ ಅಂಗಗಳು, ಅಲ್ಲಿಗೆ ಮುಗಿಯಿತು. ಉಳಿದದ್ದಕ್ಕೆ ಯುಪಿಎಸ್‌ಸಿ ಕೋಚಿಂಗ್ ನೋಟ್ಸ್. ಹೀಗೆ ಓದಿದವರಿಗೆ ಜಗತ್ತು ಎಂದರೆ ದೂರದ ರಾಜಧಾನಿಗಳಲ್ಲಿ ನಡೆಯುವ ವ್ಯವಹಾರ ಎಂದೇ ಅನ್ನಿಸುತ್ತದೆ. ಮಲೆನಾಡಿನ ಮಟ್ಟಿಗೆ ಇದು ಪೂರ್ತಿ ತಪ್ಪು. ನಮ್ಮ ಬೆಟ್ಟ, ತೋಟ, ಹೊಳೆ ಮೂರೂ ಬೇರೆ ದೇಶದವರ ತೀರ್ಮಾನಗಳ ಜೊತೆ ಬಹಳ ಹಿಂದಿನಿಂದ ಕಟ್ಟಿಕೊಂಡಿವೆ. ಆ ಗಂಟು ಎಲ್ಲಿದೆ ಎಂದು ಹುಡುಕುವುದೇ ನಿಮ್ಮ ಓದಿನ ಶುರುವಾಗಬೇಕು.

ಕುದುರೆಮುಖದ ಪಾಠ

ಒಂದೇ ಉದಾಹರಣೆ ಸಾಕು ಎಂದರೆ ನಾನು ಕುದುರೆಮುಖವನ್ನು ತೋರಿಸುತ್ತೇನೆ.

1973ರಲ್ಲಿ ತೈಲದ ಬೆಲೆ ಕೆಲವೇ ತಿಂಗಳಲ್ಲಿ ನಾಲ್ಕು ಪಟ್ಟಿನಷ್ಟು ಏರಿತು. ಇರಾನಿನ ಷಾ ಮೊಹಮ್ಮದ್ ರೆಜಾ ಪಹ್ಲವಿಯ ಖಜಾನೆ ತುಂಬಿತು. ಆ ದುಡ್ಡಿನಲ್ಲಿ ದೊಡ್ಡ ಉಕ್ಕಿನ ಕಾರ್ಖಾನೆಗಳನ್ನು ಕಟ್ಟುವುದು ಅವನ ಯೋಜನೆಯಾಗಿತ್ತು. ಉಕ್ಕಿಗೆ ಅದಿರು ಬೇಕು. ಚಿಕ್ಕಮಗಳೂರು ಜಿಲ್ಲೆಯ ಕುದುರೆಮುಖದಲ್ಲಿ ಮ್ಯಾಗ್ನೆಟೈಟ್ ಅದಿರು ಇದೆ ಎನ್ನುವುದು ಮೊದಲೇ ಗೊತ್ತಿತ್ತು. ಆದರೆ ಅದು ಕಡಿಮೆ ದರ್ಜೆಯದು. ಅಲ್ಲೇ ಪುಡಿ ಮಾಡಿ, ಕಬ್ಬಿಣದ ಅಂಶ ಬೇರ್ಪಡಿಸಿ, ನೀರಿನಲ್ಲಿ ಕಲಸಿ, ಪೈಪಿನಲ್ಲಿ ಘಟ್ಟ ಇಳಿಸಿ ಮಂಗಳೂರಿಗೆ ಸಾಗಿಸಬೇಕು. ಇಷ್ಟು ದುಬಾರಿ ಕೆಲಸಕ್ಕೆ ದುಡ್ಡು ಹಾಕುವವರು ಯಾರು? 1975ರ ನವೆಂಬರ್‌ನಲ್ಲಿ ಭಾರತ ಮತ್ತು ಇರಾನ್ ನಡುವೆ ಒಪ್ಪಂದವಾಯಿತು. ಇರಾನ್ 63 ಕೋಟಿ ಡಾಲರ್ ಸಾಲ ಕೊಡುತ್ತದೆ. 21 ವರ್ಷಗಳಲ್ಲಿ 15 ಕೋಟಿ ಟನ್ ಅದಿರನ್ನು ಅದೇ ಕೊಳ್ಳುತ್ತದೆ. 1976ರ ಏಪ್ರಿಲ್‌ನಲ್ಲಿ ಕುದುರೆಮುಖ ಕಬ್ಬಿಣದ ಅದಿರು ಕಂಪನಿ ಹುಟ್ಟಿತು. ದಟ್ಟ ಕಾಡಿನ ನಡುವೆ ರಸ್ತೆ ಬಂತು, ಟೌನ್‌ಶಿಪ್ ಬಂತು, ಗಣಿಯ ಕೆಸರು ಹಿಡಿದಿಡಲು ಲಕ್ಯಾ ಅಣೆಕಟ್ಟು ಬಂತು.

1979ರಲ್ಲಿ ಟೆಹ್ರಾನ್‌ನಲ್ಲಿ ಕ್ರಾಂತಿಯಾಯಿತು. ಷಾ ದೇಶ ಬಿಟ್ಟ. ಹೊಸ ಆಡಳಿತಕ್ಕೆ ಅವನ ಉಕ್ಕಿನ ಯೋಜನೆ ಬೇಡವಾಗಿತ್ತು. ಸಾಲದ ಹಣ ಅರ್ಧವೂ ಬರುವ ಮುನ್ನ ನಿಂತಿತು. ಉಳಿದದ್ದನ್ನು ಭಾರತವೇ ಹಾಕಿ 1980ರಲ್ಲಿ ಸ್ಥಾವರ ಮುಗಿಸಿತು. ಅಷ್ಟು ಹೊತ್ತಿಗೆ ಯಾರಿಗಾಗಿ ಬೆಟ್ಟ ಅಗೆಯಲು ಹೊರಟಿದ್ದರೋ ಆ ಗಿರಾಕಿಯೇ ಇರಲಿಲ್ಲ. ಬೇರೆ ದೇಶಗಳಲ್ಲಿ ಗಿರಾಕಿ ಹುಡುಕಬೇಕಾಯಿತು. ಮುಂದೆ ಅದಿರನ್ನು ಉಂಡೆ ಮಾಡುವ ಪೆಲೆಟ್ ಘಟಕವನ್ನೂ ಮಂಗಳೂರಿನಲ್ಲಿ ಕಟ್ಟಬೇಕಾಯಿತು. ದುಡ್ಡು ಹಾಕಿ ಆಗಿತ್ತು, ಹಿಂದೆ ಸರಿಯುವ ದಾರಿ ಇರಲಿಲ್ಲ. ಗಣಿ ನಡೆಯುತ್ತಲೇ ಹೋಯಿತು. ಮಳೆಗಾಲದಲ್ಲಿ ಭದ್ರೆಗೆ ಕೆಮ್ಮಣ್ಣು ಇಳಿಯುವ ಬಗ್ಗೆ ಕೆಳಗಿನ ಊರುಗಳಲ್ಲಿ ಆತಂಕ ಬೆಳೆಯಿತು, ಹೋರಾಟ ನಡೆಯಿತು. 2002ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಬಂತು. 2005ರ ಕೊನೆಗೆ ಗಣಿ ನಿಂತಿತು.

ಈ ಕತೆಯನ್ನು ನಮ್ಮಲ್ಲಿ ಪರಿಸರದ ಕತೆಯಾಗಿ ಹೇಳುತ್ತಾರೆ. ಅದು ಸರಿಯೇ. ಆದರೆ ಅದು ವಿದೇಶಾಂಗ ನೀತಿಯ ಕತೆಯೂ ಹೌದು, ಹಾಗೆ ಹೇಳಿದವರು ಕಡಿಮೆ. ಒಂದು ದೇಶದ ತೈಲದ ಲಾಭ, ಒಬ್ಬ ದೊರೆಯ ಆಸೆ, ಇನ್ನೊಂದು ದೇಶದ ವಿದೇಶಿ ವಿನಿಮಯದ ಕೊರತೆ, ಈ ಮೂರು ಸೇರಿ ಒಂದು ಬೆಟ್ಟದ ಹಣೆಬರಹ ಬರೆದವು. ಅಮೆರಿಕದ ವಿದ್ವಾಂಸರಾದ ರಾಬರ್ಟ್ ಕೊಹೇನ್ ಮತ್ತು ಜೋಸೆಫ್ ನೈ ದೇಶಗಳ ಪರಸ್ಪರ ಅವಲಂಬನೆಯ ಬಗ್ಗೆ ತಮ್ಮ ಸಿದ್ಧಾಂತವನ್ನು ಪ್ರಕಟಿಸಿದ್ದು 1977ರಲ್ಲಿ. ಅಂದರೆ ಕುದುರೆಮುಖದಲ್ಲಿ ಕೆಲಸ ಜೋರಾಗಿ ನಡೆಯುತ್ತಿದ್ದ ಕಾಲದಲ್ಲೇ. ಅವರು ಎರಡು ಸ್ಥಿತಿಗಳನ್ನು ಬೇರೆ ಮಾಡಿ ತೋರಿಸುತ್ತಾರೆ. ಹೊರಗಿನ ಬದಲಾವಣೆಯ ಪೆಟ್ಟು ತಕ್ಷಣ ತಾಗುವುದು ಒಂದು. ನಿಮ್ಮ ನೀತಿಯನ್ನು ಬದಲಾಯಿಸಿಕೊಂಡ ಮೇಲೂ ಆ ಪೆಟ್ಟಿನಿಂದ ತಪ್ಪಿಸಿಕೊಳ್ಳಲು ಆಗದಿರುವುದು ಇನ್ನೊಂದು. ಕುದುರೆಮುಖದ ಕಡತಗಳನ್ನು ಇಟ್ಟುಕೊಂಡು ಈ ವ್ಯತ್ಯಾಸವನ್ನು ಪರೀಕ್ಷೆ ಮಾಡಿ ನೋಡಬಹುದು. ಭಾರತ ಬೇರೆ ಗಿರಾಕಿ ಹುಡುಕಿಕೊಂಡಿತು, ಸರಿ. ಬೆಟ್ಟಕ್ಕೆ ಬೇರೆ ದಾರಿ ಇತ್ತಾ? ದೇಶವೊಂದನ್ನೇ ಲೆಕ್ಕದ ಘಟಕ ಮಾಡಿಕೊಂಡರೆ ಈ ಎರಡನೇ ಪ್ರಶ್ನೆ ಕಾಣುವುದೇ ಇಲ್ಲ. ಇಲ್ಲಿಯ ವಿದ್ಯಾರ್ಥಿಗೆ ಅದು ಮೊದಲೇ ಕಾಣುತ್ತದೆ. ನನ್ನ ಮಾತಿನ ತಿರುಳು ಅಷ್ಟೇ.

ಅಡಿಕೆ ಮತ್ತು ಭೂತಾನ್

ಶಿವಮೊಗ್ಗದ ಮಂಡಿಯಲ್ಲಿ ರಾಶಿ, ಬೆಟ್ಟೆ, ಸರಕು, ಗೊರಬಲು ಎಂಬ ಅಡಿಕೆ ಬಗೆಗಳ ದರ ಏರಿಳಿದಾಗ ಎಲ್ಲರ ಬಾಯಲ್ಲೂ ಆಮದಿನ ಮಾತು ಬರುತ್ತದೆ. ಯಾವ ದೇಶದಿಂದ, ಯಾವ ನಿಯಮದಡಿ, ಎಷ್ಟು ಬರುತ್ತಿದೆ ಎನ್ನುವುದು ಮಾತ್ರ ಮಬ್ಬಾಗಿಯೇ ಉಳಿಯುತ್ತದೆ.

ಗೊತ್ತಿರುವ ಸಂಗತಿಗಳನ್ನು ಜೋಡಿಸಿ ನೋಡೋಣ. ಅಡಿಕೆ ಆಮದಿಗೆ ಶೇ 100ರ ಸುಂಕ ಇದೆ. ಅದರ ಮೇಲೆ ಕನಿಷ್ಠ ಆಮದು ಬೆಲೆಯ ಬೇಲಿ ಇದೆ. 2023ರ ಫೆಬ್ರುವರಿಯಲ್ಲಿ ಅದನ್ನು ಕೆ.ಜಿ.ಗೆ 251 ರೂಪಾಯಿಯಿಂದ 351 ರೂಪಾಯಿಗೆ ಏರಿಸಿದರು. ಅದಕ್ಕಿಂತ ಅಗ್ಗದ ಅಡಿಕೆ ದೇಶದೊಳಗೆ ಬರುವಂತಿಲ್ಲ. ಆದರೆ 2022ರ ಸೆಪ್ಟೆಂಬರ್‌ನಲ್ಲಿ ಭೂತಾನಿಗೆ ಒಂದು ವಿನಾಯಿತಿ ಸಿಕ್ಕಿತ್ತು. ವರ್ಷಕ್ಕೆ 17,000 ಟನ್ ಹಸಿ ಅಡಿಕೆಯನ್ನು ಈ ಕನಿಷ್ಠ ಬೆಲೆಯ ಷರತ್ತಿಲ್ಲದೆ ಪಶ್ಚಿಮ ಬಂಗಾಳದ ಜೈಗಾಂವ್ ಗಡಿಯ ಮೂಲಕ ಕಳಿಸಬಹುದು.

ಅಂದು ಮಲೆನಾಡಿನಲ್ಲಿ ದೊಡ್ಡ ಗದ್ದಲವಾಯಿತು. ದೇಶದಲ್ಲಿ ಬೆಳೆಯುವ ಅಡಿಕೆ ಹತ್ತು ಲಕ್ಷ ಟನ್‌ಗೂ ಜಾಸ್ತಿ. ಅದಕ್ಕೆ ಹೋಲಿಸಿದರೆ 17,000 ಟನ್ ಎಂದರೆ ಶೇ 2ಕ್ಕೂ ಕಡಿಮೆ. ಹಾಗಾದರೆ ಗದ್ದಲ ಸುಮ್ನೆ ಮಾಡಿದ್ದಾ? ಅಲ್ಲ. ರೈತರ ಭಯ ಇದ್ದದ್ದು ಭೂತಾನಿನ ಅಡಿಕೆಯ ಬಗ್ಗೆ ಮಾತ್ರವಲ್ಲ. ಒಂದು ಬಾಗಿಲು ತೆರೆದರೆ ಬೇರೆ ದೇಶದ ಸರಕು ಅದೇ ಬಾಗಿಲಲ್ಲಿ ನುಸುಳುತ್ತದೆ ಎಂಬುದು ಅವರ ಅನುಭವದ ಮಾತು. ವಿಯೆಟ್ನಾಂ ಮೆಣಸು ಶ್ರೀಲಂಕಾದ ಹೆಸರು ಹೊತ್ತು ಬರುತ್ತಿದೆ ಎಂಬ ದೂರು ಬೆಳೆಗಾರರಿಂದ ವರ್ಷಗಟ್ಟಲೆ ಕೇಳಿಬಂದಿತ್ತು. ಕೊನೆಗೆ 2017ರ ಡಿಸೆಂಬರ್‌ನಲ್ಲಿ ಕಾಳುಮೆಣಸಿಗೂ ಕೆ.ಜಿ.ಗೆ 500 ರೂಪಾಯಿಯ ಕನಿಷ್ಠ ಆಮದು ಬೆಲೆ ಬಂತು.

ಈಗ ಇನ್ನೊಂದು ತುದಿಯಿಂದ ನೋಡಿ. ಭೂತಾನಿಗೆ ಯಾಕೆ ಕೊಟ್ಟರು? 2017ರಲ್ಲಿ ಡೋಕ್ಲಾಂನಲ್ಲಿ ಭಾರತ ಮತ್ತು ಚೀನಾದ ಸೈನಿಕರು 73 ದಿನ ಎದುರುಬದುರು ನಿಂತಿದ್ದರು. ಆ ಜಾಗ ಭೂತಾನ್ ತನ್ನದು ಎನ್ನುವ ನೆಲ. ಭೂತಾನ್ ಮತ್ತು ಚೀನಾ ಗಡಿಯ ಬಗ್ಗೆ ಮಾತಾಡುತ್ತಲೇ ಇವೆ. ಹೀಗಿರುವಾಗ ಭೂತಾನಿನ ರೈತರಿಗೆ ಒಂದು ಮಾರುಕಟ್ಟೆ ಕೊಡುವುದು ದೆಹಲಿಗೆ ಬರೀ ವ್ಯಾಪಾರದ ವಿಷಯವಾಗಿರಲಿಕ್ಕಿಲ್ಲ ಎಂಬುದು ನನ್ನ ಊಹೆ. ಅಧಿಸೂಚನೆಯಲ್ಲಿ ಅದನ್ನು ಯಾರೂ ಬರೆಯುವುದಿಲ್ಲ. ಆದರೆ ಗಡಿಯ ಭದ್ರತೆಗಾಗಿ ಮಾಡುವ ಒಂದು ಗೆಳೆತನದ ಖರ್ಚನ್ನು ಯಾರು ಹೊರಬೇಕು? ಇಡೀ ದೇಶವಾ, ಇಲ್ಲ ಒಂದು ಬೆಳೆಯನ್ನೇ ನಂಬಿದ ನಾಲ್ಕಾರು ಜಿಲ್ಲೆಗಳಾ? ಇದು ಎಂ.ಎ. ಪ್ರಬಂಧಕ್ಕೆ ಯೋಗ್ಯವಾದ ಪ್ರಶ್ನೆ. ನನಗಂತೂ ನಿಜವಾಗಿ ಉತ್ತರ ಬೇಕಾಗಿರುವ ಪ್ರಶ್ನೆ.

ಇದಕ್ಕೆ ಉಪಕರಣವೂ ಇದೆ. 1988ರಲ್ಲಿ ರಾಬರ್ಟ್ ಪಟ್ನಮ್ ಎಂಬ ರಾಜ್ಯಶಾಸ್ತ್ರಜ್ಞರು ಎರಡು ಮೇಜುಗಳ ಒಂದು ವಾದ ಮುಂದಿಟ್ಟರು. ದೇಶದ ಪರವಾಗಿ ಮಾತುಕತೆಗೆ ಕೂತವರು ಒಂದೇ ಹೊತ್ತಿಗೆ ಎರಡು ಮೇಜಿನಲ್ಲಿ ಆಡುತ್ತಿರುತ್ತಾರೆ. ಒಂದರ ಎದುರು ಪರದೇಶದವರು, ಇನ್ನೊಂದರ ಎದುರು ಸ್ವಂತ ದೇಶದ ಗುಂಪುಗಳು. ಎರಡೂ ಕಡೆ ಒಪ್ಪಿಗೆಯಾಗುವ ಜಾಗ ಎಷ್ಟು ಅಗಲ ಇದೆ ಎನ್ನುವುದರ ಮೇಲೆ ಒಪ್ಪಂದ ನಿಂತಿರುತ್ತದೆ. ಭೂತಾನಿಗೆ ವಿನಾಯಿತಿ ಕೊಟ್ಟ ಕೆಲವೇ ತಿಂಗಳಲ್ಲಿ ಕನಿಷ್ಠ ಆಮದು ಬೆಲೆ ನೂರು ರೂಪಾಯಿ ಏರಿತು. ಒಂದು ಮೇಜಿನಲ್ಲಿ ಕೊಟ್ಟದ್ದಕ್ಕೆ ಇನ್ನೊಂದರಲ್ಲಿ ಸಮಾಧಾನ ಮಾಡಿದ್ದಾ ಅದು? ದಿನಾಂಕಗಳು, ಸಂಸತ್ತಿನ ಪ್ರಶ್ನೋತ್ತರ, ರೈತ ನಿಯೋಗಗಳು ದೆಹಲಿಗೆ ಕೊಟ್ಟ ಮನವಿಗಳು, ಎಲ್ಲವನ್ನೂ ಪಕ್ಕಪಕ್ಕ ಇಟ್ಟು ಹುಡುಕಬಹುದು. ಮ್ಯಾಮ್ಕೋಸ್, ಕ್ಯಾಂಪ್ಕೊದಂಥ ಅಡಿಕೆ ಬೆಳೆಗಾರರ ಸಹಕಾರಿಗಳಲ್ಲಿ ಈ ಹೋರಾಟ ಕಂಡ ಹಿರಿಯರು ಇದ್ದಾರೆ. ದೆಹಲಿಯ ವಿದ್ಯಾರ್ಥಿಗೆ ಅವರ ಹತ್ತಿರ ಕೂತು ಕನ್ನಡದಲ್ಲಿ ಮಾತಾಡಲು ಆಗುವುದಿಲ್ಲ. ನಿಮಗೆ ಆಗುತ್ತದೆ.

ಇಲ್ಲಿ ಒಂದು ಎಚ್ಚರ. ಊರಿನ ಪ್ರಶ್ನೆ ಎಂದ ಕೂಡಲೇ ಊರಿನ ವಕಾಲತ್ತು ಎಂದಾಗಬಾರದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅಡಿಕೆಯನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿನಲ್ಲಿ ಇಟ್ಟಿದೆ. ಆ ವರದಿ ಪ್ರಕಟವಾಗಿದ್ದು 2004ರಲ್ಲಿ. ಅದನ್ನು ಓದದೆ ‘ಇದು ವಿದೇಶಿ ಲಾಬಿ’ ಎಂದುಬಿಟ್ಟರೆ ನಾವು ಓದಿದ್ದಕ್ಕೆ ಅರ್ಥವಿಲ್ಲ. ಮೂಲ ವರದಿ ಓದಿ. ಯಾವ ಪುರಾವೆ ಗಟ್ಟಿ, ಯಾವುದರ ಬಗ್ಗೆ ತಕರಾರು ಇದೆ ಎಂದು ಗುರುತಿಸಿ. ಇಂಥ ವರ್ಗೀಕರಣ ದೇಶಗಳ ಕಾನೂನಾಗಿ ಇಳಿಯುವ ದಾರಿ ಯಾವುದು ಎಂದು ಕೇಳಿ. ನಮ್ಮ ಮನೆಯ ಅನ್ನದ ವಿಷಯವನ್ನೇ ಹೀಗೆ ನೇರವಾಗಿ ನೋಡುವುದು ಕಷ್ಟ. ಆದರೂ ನೋಡಲೇಬೇಕು.

ಬ್ರಸೆಲ್ಸ್‌ನಿಂದ ಪಹಣಿಯವರೆಗೆ

ಕಾಫಿಯ ಕಡೆಗೆ ಬಂದರೆ, ಜಗತ್ತು ಎಲ್ಲಿ ಬದಲಾಗಿದೆ ಎನ್ನುವುದು ಇನ್ನೂ ಸ್ಪಷ್ಟವಾಗುತ್ತದೆ. ಬ್ರಸೆಲ್ಸ್ ನಗರದಲ್ಲಿ ಕೇಂದ್ರ ಕಚೇರಿ ಇರುವ ಯುರೋಪಿನ ಒಕ್ಕೂಟ 2023ರಲ್ಲಿ ಅರಣ್ಯನಾಶ ತಡೆಯ ಒಂದು ಕಾನೂನು ತಂದಿತು. ದನ, ಕೋಕೋ, ಕಾಫಿ, ತಾಳೆ, ರಬ್ಬರ್, ಸೋಯಾ, ಮರ, ಇವು ಏಳು ಸರಕುಗಳು. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದಲ್ಲಿ ಬೆಳೆದ ಸರಕು ಅಲ್ಲಿಗೆ ಹೋಗುವಂತಿಲ್ಲ. ಪ್ರತಿ ತೋಟ ಭೂಮಿಯ ಮೇಲೆ ಎಲ್ಲಿದೆ ಎಂಬ ಜಿಪಿಎಸ್ ಗುರುತು ಕೊಡಬೇಕು. ನಾಲ್ಕು ಹೆಕ್ಟೇರ್‌ಗಿಂತ, ಅಂದರೆ ಸುಮಾರು ಹತ್ತು ಎಕರೆಗಿಂತ ದೊಡ್ಡ ತೋಟವಾದರೆ ಪೂರ್ತಿ ಗಡಿಯನ್ನೇ ಗುರುತಿಸಿ ಕೊಡಬೇಕು. ಜಾರಿಯ ದಿನವನ್ನು ಎರಡು ಸಲ ಮುಂದೂಡಿ ಈಗ ದೊಡ್ಡ ಕಂಪನಿಗಳಿಗೆ 2026ರ ಡಿಸೆಂಬರ್ ಎಂದಿದ್ದಾರೆ.

ಕಾಡು ಉಳಿಯಬೇಕು ಎನ್ನುವುದಕ್ಕೆ ನನ್ನ ತಕರಾರಿಲ್ಲ. ಆದರೆ ಚಿಕ್ಕಮಗಳೂರಿನ ಕಾಫಿ ಬೆಳೆಯುವುದೇ ಮರದ ನೆರಳಿನಲ್ಲಿ. ಉಪಗ್ರಹದ ಚಿತ್ರದಲ್ಲಿ ತೋಟ ಯಾವುದು, ಕಾಡು ಯಾವುದು ಎಂದು ಬೇರೆ ಮಾಡುವುದು ಸುಲಭವಲ್ಲ. ಇನ್ನೊಂದು ಷರತ್ತು ಇದಕ್ಕಿಂತ ಕಠಿಣ. ಸರಕು ಬೆಳೆದ ನೆಲದ ಬಳಕೆ ಆಯಾ ದೇಶದ ಕಾನೂನಿಗೆ ಸರಿಯಾಗಿರಬೇಕು. ಬಗರ್‌ಹುಕುಂ ಅರ್ಜಿ ಹಾಕಿ ಎರಡು ತಲೆಮಾರಿನಿಂದ ಕಾಯುತ್ತಿರುವ ಸಣ್ಣ ಹಿಡುವಳಿದಾರ ಏನು ತೋರಿಸಬೇಕು? ತಾಲ್ಲೂಕು ಕಚೇರಿಯಲ್ಲಿ ಬಗೆಹರಿಯದ ಪಹಣಿಯ ವಿಷಯಕ್ಕೆ ಬ್ರಸೆಲ್ಸ್ ಒಂದು ಗಡುವು ಇಟ್ಟಹಾಗಾಯಿತು. ಇದಕ್ಕೆ ಎರಡು ದೇಶಗಳ ನಡುವೆ ಒಪ್ಪಂದವೇ ಬೇಕಾಗಲಿಲ್ಲ. ಕೊಳ್ಳುವವರು ತಮ್ಮ ಮಾರುಕಟ್ಟೆಗೆ ನಿಯಮ ಮಾಡಿದರು, ಬೆಳೆಯುವವರಿಗೆ ಅದೇ ಕಾನೂನಾಯಿತು.

ಪಶ್ಚಿಮ ಘಟ್ಟವನ್ನು 2012ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗಲೂ ಇಲ್ಲಿ ಇಂಥದೇ ಸಂಶಯ, ವಿರೋಧ ಇತ್ತು. ಆ ವಿರೋಧ ಎಷ್ಟು ಸರಿ, ಎಷ್ಟು ತಪ್ಪು ತಿಳುವಳಿಕೆ ಎಂದು ಶಾಂತವಾಗಿ ಕೂತು ಓದಿ ಹೇಳುವವರು ನಮಗೆ ಬೇಕು.

ಓದು ಹುಟ್ಟಿದ ಊರು

‘ನಾವು ಸಣ್ಣ ಊರಿನವರು, ಕನ್ನಡ ಮಾಧ್ಯಮದವರು, ನಮಗೆ ಇದು ಎಟಕುವುದಾ?’ ಎಂದು ಹಿಂಜರಿಯುವವರಿಗೆ ಎರಡು ಸಂಗತಿ ಹೇಳಬೇಕು.

ಅಂತರರಾಷ್ಟ್ರೀಯ ರಾಜಕೀಯಕ್ಕೆಂದೇ ಜಗತ್ತಿನಲ್ಲಿ ಮೊದಲ ಪ್ರಾಧ್ಯಾಪಕ ಪೀಠ ಶುರುವಾಗಿದ್ದು 1919ರಲ್ಲಿ. ಲಂಡನ್ನಿನಲ್ಲಲ್ಲ, ಆಕ್ಸ್‌ಫರ್ಡಿನಲ್ಲೂ ಅಲ್ಲ. ವೇಲ್ಸ್‌ನ ಅಬರಿಸ್ಟ್‌ವಿತ್ ಎಂಬ ಸಮುದ್ರದ ದಂಡೆಯ ಪುಟ್ಟ ಊರಿನಲ್ಲಿ. ಅಲ್ಲಿ ಇಂಗ್ಲಿಷಿನ ಜೊತೆ ವೆಲ್ಷ್ ಭಾಷೆಯೂ ಬದುಕಿದೆ. ಮೊದಲ ಮಹಾಯುದ್ಧದ ಸಾವುನೋವು ಕಂಡು, ಮತ್ತೆ ಹಾಗಾಗದಿರಲು ಏನು ಮಾಡಬೇಕು ಎಂದು ಯೋಚಿಸಲು ಆ ಪೀಠ ಕಟ್ಟಿದರು.

ಎರಡನೆಯದು ನಮ್ಮದೇ. ಕೌಟಿಲ್ಯನ ಅರ್ಥಶಾಸ್ತ್ರ ಇಂದು ಭಾರತದ ವಿದೇಶಾಂಗ ಚಿಂತನೆಯ ಪಾಠಗಳಲ್ಲಿ ಖಾಯಂ ಆಗಿ ಬರುತ್ತದೆ. ಅದರ ಹಸ್ತಪ್ರತಿಯನ್ನು ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ 1905ರಲ್ಲಿ ಗುರುತಿಸಿ, 1909ರಲ್ಲಿ ಅಚ್ಚು ಮಾಡಿಸಿ, 1915ರಲ್ಲಿ ಇಂಗ್ಲಿಷಿಗೆ ತಂದವರು ಹಾಸನ ಜಿಲ್ಲೆಯ ರುದ್ರಪಟ್ಟಣದ ಆರ್. ಶಾಮಾಶಾಸ್ತ್ರಿಗಳು. ‘ಪಕ್ಕದವನು ಶತ್ರು, ಅವನಾಚೆಯವನು ಮಿತ್ರ’ ಎಂಬ ಒಂದು ಸಾಲನ್ನು ಮಾತ್ರ ಬಾಯಿಪಾಠ ಮಾಡುವುದು ಈಗಿನ ಅಭ್ಯಾಸ. ಆ ಗ್ರಂಥದಲ್ಲಿ ಕಂದಾಯ, ಗಣಿ, ವ್ಯಾಪಾರ, ಗೂಢಚರ್ಯೆ ಎಲ್ಲ ಇದೆ. ಪೂರ್ತಿ ಓದಬೇಕು.

ಕೆಳದಿಯ ಕಡೆಯೂ ಒಮ್ಮೆ ನೋಡಿ. ಹದಿನೇಳನೇ ಶತಮಾನದಲ್ಲಿ ಕೆಳದಿಯ ಅರಸರು ಕರಾವಳಿಯ ಅಕ್ಕಿ, ಮೆಣಸಿನ ವ್ಯಾಪಾರದಲ್ಲಿ ಪೋರ್ಚುಗೀಸರ ಜೊತೆ ಒಪ್ಪಂದವನ್ನೂ ಮಾಡಿಕೊಂಡರು, ಯುದ್ಧವನ್ನೂ ಮಾಡಿದರು. 1650ರ ದಶಕದಲ್ಲಿ ಶಿವಪ್ಪ ನಾಯಕ ಹೊನ್ನಾವರ ಮತ್ತು ಬಸ್ರೂರು ಕಡೆಯ ಅವರ ಕೋಟೆಗಳನ್ನು ಗೆದ್ದುಕೊಂಡ. ಆ ಕಾಲದಲ್ಲಿ ಪೋರ್ಚುಗೀಸರು ನೆರೆಯ ಅರಸರ ಜೊತೆ ನಡೆಸಿದ ಪತ್ರವ್ಯವಹಾರ ಗೋವಾದ ಪತ್ರಾಗಾರದಲ್ಲಿದೆ. ಗೋವಾ ವಿಶ್ವವಿದ್ಯಾಲಯದಲ್ಲಿ ಪೋರ್ಚುಗೀಸ್ ಭಾಷೆ ಕಲಿಸುತ್ತಾರೆ. ಸಾಗರದಿಂದ ಗೋವಾ ಏನೂ ದೂರವಲ್ಲ. ಸಮುದ್ರ ಆಳುತ್ತಿದ್ದ ಒಂದು ಶಕ್ತಿಯ ಎದುರು ಬೆಟ್ಟದ ಒಂದು ರಾಜ್ಯ ಹೇಗೆ ಚೌಕಾಸಿ ಮಾಡಿತು ಎಂಬುದನ್ನು ಪೋರ್ಚುಗೀಸ್ ಮತ್ತು ಕನ್ನಡ ಎರಡೂ ಓದಬಲ್ಲ ಒಬ್ಬ ವಿದ್ಯಾರ್ಥಿ ಬರೆದರೆ ಅದನ್ನು ಜಗತ್ತು ಓದುತ್ತದೆ. ಈ ವಿಷಯದ ಸಿದ್ಧಾಂತಗಳೆಲ್ಲ ಯುರೋಪ್, ಅಮೆರಿಕದ ಅನುಭವದಿಂದಲೇ ಬಂದಿವೆ, ಉಳಿದ ಜಗತ್ತಿನ ಅನುಭವವೂ ಸೇರಬೇಕು ಎಂದು ಒಡಿಶಾ ಮೂಲದ ಅಮಿತಾವ್ ಆಚಾರ್ಯ ಅವರಂಥವರು ವಾದಿಸುತ್ತಾ ಬಂದು ಹತ್ತು ವರ್ಷದ ಮೇಲಾಯಿತು. ವಾದಕ್ಕೆ ಒಪ್ಪಿಗೆ ಸಿಕ್ಕಿದೆ. ಬರೆಯುವವರು ಇನ್ನೂ ಸಾಲದು.

ಹಳೆಯ ಪಠ್ಯ ಎಲ್ಲಿ ಸೋಲುತ್ತದೆ

ವಿಶ್ವ ವ್ಯಾಪಾರ ಸಂಸ್ಥೆ ಎಂದರೆ ಕೊನೆಯ ಮೇಲ್ಮನವಿಯವರೆಗೆ ನ್ಯಾಯ ಸಿಗುವ ಜಾಗ ಎಂದು ಪಠ್ಯದಲ್ಲಿ ಓದುತ್ತೇವೆ. ಅದರ ಮೇಲ್ಮನವಿ ಪೀಠಕ್ಕೆ ಹೊಸ ಸದಸ್ಯರನ್ನು ನೇಮಿಸಲು ಅಮೆರಿಕ ಬಿಡದ ಕಾರಣ 2019ರ ಡಿಸೆಂಬರ್‌ನಿಂದ ಅದು ಕೆಲಸವನ್ನೇ ಮಾಡುತ್ತಿಲ್ಲ. ದಕ್ಷಿಣ ಏಷ್ಯಾ ದೇಶಗಳ ಒಕ್ಕೂಟವಾದ ಸಾರ್ಕ್ ಬಗ್ಗೆ ಇಡೀ ಅಧ್ಯಾಯ ಇರುತ್ತದೆ. ಅದರ ಕೊನೆಯ ಶೃಂಗಸಭೆ ನಡೆದಿದ್ದು 2014ರಲ್ಲಿ, ಕಠ್ಮಂಡುವಿನಲ್ಲಿ. 2025ರ ಆಗಸ್ಟ್‌ನಲ್ಲಿ ಅಮೆರಿಕ ಭಾರತದ ಸರಕಿಗೆ ಶೇ 50ರವರೆಗೆ ಸುಂಕ ಹಾಕಿತು. ಅದರಲ್ಲಿ ಅರ್ಧ ರಷ್ಯಾದ ತೈಲ ಕೊಳ್ಳುತ್ತಿದ್ದುದಕ್ಕೆ ವಿಧಿಸಿದ್ದು. ಅಂದರೆ ಸುಂಕ ವ್ಯಾಪಾರದ ವಿಷಯವಾಗಿ ಉಳಿಯಲಿಲ್ಲ, ಉಕ್ರೇನ್ ಯುದ್ಧದ ವಿಷಯದಲ್ಲಿ ಒತ್ತಡ ಹಾಕುವ ಸಾಧನವಾಯಿತು. ಆ ಬಳಿಕವೂ ದರಗಳ ಮಾತು ಬದಲಾಗುತ್ತಲೇ ಇದೆ.

ಹಾಗಂತ ಹಳೆಯ ಸಿದ್ಧಾಂತ ಬಿಸಾಕಿ ಎಂದು ಹೇಳುತ್ತಿಲ್ಲ. ಅದು ಬೇಕು. ಜೊತೆಗೆ ಇಂದು ಕೆಲವು ಕೈಕೆಲಸಗಳೂ ಬೇಕು. ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದ ಒಂದು ಅಧಿಸೂಚನೆಯನ್ನು ಓದಿ ಅದರ ಪರಿಣಾಮ ಹೇಳಲು ಬರಬೇಕು. ಸುಂಕದ ಪಟ್ಟಿಯಲ್ಲಿ ಅಡಿಕೆಯ ಸಂಖ್ಯೆ 0802 80. ಹುರಿದ ಅಡಿಕೆ ಎಂದು ಹೇಳಿ ಬೇರೆ ಸಂಖ್ಯೆಯಡಿ ತಂದ ಸರಕಿನ ವ್ಯಾಜ್ಯ ನ್ಯಾಯಾಲಯದವರೆಗೆ ಹೋಗಿದೆ. ಇಡೀ ಬೇಲಿ ಅಂಥ ಒಂದು ಸಂಖ್ಯೆಯ ಮೇಲೆ ನಿಂತಿರುತ್ತದೆ. ಸರಕು ನಿಜವಾಗಿ ಯಾವ ದೇಶದ್ದು ಎಂದು ತೀರ್ಮಾನಿಸುವ ನಿಯಮಗಳನ್ನು ಕಲಿಯಬೇಕು. ಸ್ವಲ್ಪ ಅಂಕಿಅಂಶ, ಸ್ವಲ್ಪ ನಕ್ಷೆ ಬಳಸುವ ಸಾಫ್ಟ್‌ವೇರ್ ಬರಬೇಕು. ಇವು ಎಂ.ಎ. ಪಠ್ಯದಲ್ಲಿ ಇರದಿದ್ದರೂ ಬಿಡುವಿನಲ್ಲಿ ಕಲಿಯಬಹುದಾದ ವಿದ್ಯೆಗಳೇ.

ಎಲ್ಲಿ ಓದುವುದು, ದುಡ್ಡೆಷ್ಟು

ದೆಹಲಿಯ ಜೆಎನ್‌ಯುವಿನ ಅಂತರರಾಷ್ಟ್ರೀಯ ಅಧ್ಯಯನ ಶಾಲೆ ಈ ವಿಷಯದಲ್ಲಿ ದೇಶದ ಹಳೆಯ ಮನೆ. 1955ರಲ್ಲಿ ಸಪ್ರು ಹೌಸ್‌ನಲ್ಲಿ ಶುರುವಾಗಿ 1970ರಲ್ಲಿ ಜೆಎನ್‌ಯುವಿಗೆ ಸೇರಿತು. ಶುಲ್ಕ ಕಡಿಮೆ, ಗ್ರಂಥಾಲಯ ದೊಡ್ಡದು. ಪ್ರವೇಶ ಸಿಯುಇಟಿ ಪಿಜಿ ಎಂಬ ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆಯ ಮೂಲಕ. ಅದೇ ದೆಹಲಿಯಲ್ಲಿ ಸಾರ್ಕ್ ದೇಶಗಳು ಸೇರಿ 2010ರಲ್ಲಿ ಆರಂಭಿಸಿದ ದಕ್ಷಿಣ ಏಷ್ಯಾ ವಿಶ್ವವಿದ್ಯಾಲಯವಿದೆ. ಸಾರ್ಕ್ ಸಭೆ ನಿಂತರೂ ಅದು ನಡೆಯುತ್ತಿದೆ. ನೇಪಾಳ, ಬಾಂಗ್ಲಾ ದೇಶದ ವಿದ್ಯಾರ್ಥಿಯ ಪಕ್ಕ ಕೂತು ಗಡಿಯ ಬಗ್ಗೆ ಚರ್ಚಿಸುವುದೇ ಒಂದು ಪಾಠ. ಪುದುಚೇರಿ, ಕೇರಳದ ಕೇಂದ್ರೀಯ ವಿಶ್ವವಿದ್ಯಾಲಯಗಳು ನಮಗೆ ಹತ್ತಿರ. ಆಗುಂಬೆ ಘಾಟಿ ಇಳಿದರೆ ಮಣಿಪಾಲ. ಅಲ್ಲಿ ಭೂರಾಜಕೀಯ ಮತ್ತು ಅಂತರರಾಷ್ಟ್ರೀಯ ಸಂಬಂಧಗಳ ವಿಭಾಗವೇ ಇದೆ. ಖಾಸಗಿ ಸಂಸ್ಥೆಯಾದ್ದರಿಂದ ಶುಲ್ಕ ಸರ್ಕಾರಿ ವಿಶ್ವವಿದ್ಯಾಲಯಕ್ಕಿಂತ ಜಾಸ್ತಿ.

ವಿದೇಶದ ಮಾತು ಬಂದಾಗ ನಾನು ಖಡಾಖಂಡಿತವಾಗಿ ಹೇಳುತ್ತೇನೆ. ತೋಟ ಅಡವಿಟ್ಟು ಬ್ರಿಟನ್ನಿನ ಒಂದು ವರ್ಷದ ಎಂ.ಎ.ಗೆ ಹೋಗಬೇಡಿ. ಊಟ ವಸತಿ ಸೇರಿ ಇಪ್ಪತ್ತೈದು ಮೂವತ್ತು ಲಕ್ಷ ಸುಲಭವಾಗಿ ಆಗುತ್ತದೆ. ಅಲ್ಲೇ ಕೆಲಸ ಹಿಡಿದು ಸಾಲ ತೀರಿಸುವ ಲೆಕ್ಕ ಈಗ ಹಿಂದಿನಷ್ಟು ಸಲೀಸಲ್ಲ. ಕೆನಡಾ 2024ರ ಜನವರಿಯಲ್ಲಿ ವಿದೇಶಿ ವಿದ್ಯಾರ್ಥಿಗಳ ಸಂಖ್ಯೆಗೆ ಮಿತಿ ಹಾಕಿತು. ಅಮೆರಿಕ 2025ರ ಮೇ ಕೊನೆಯಲ್ಲಿ ವಿದ್ಯಾರ್ಥಿ ವೀಸಾದ ಹೊಸ ಸಂದರ್ಶನಗಳನ್ನೇ ಕೆಲ ವಾರ ನಿಲ್ಲಿಸಿತ್ತು. ನಂತರ ಅರ್ಜಿದಾರರ ಸಾಮಾಜಿಕ ಜಾಲತಾಣದ ಖಾತೆಗಳನ್ನು ಜಾಲಾಡಲು ಶುರುಮಾಡಿತು. ಜಗತ್ತನ್ನು ಓದಲು ಹೊರಟವರಿಗೇ ಜಗತ್ತಿನ ಬಾಗಿಲು ಚಿಕ್ಕದಾಗುತ್ತಿದೆ. ಇದು ನನಗೆ ನೋವಿನ ವಿಷಯ. ಹೋಗುವುದಾದರೆ ಪೂರ್ತಿ ಖರ್ಚು ಕೊಡುವ ವಿದ್ಯಾರ್ಥಿವೇತನ ಸಿಕ್ಕರೆ ಹೋಗಿ. ಬ್ರಿಟನ್ನಿಗೆ ಚೀವನಿಂಗ್ ಇದೆ, ಅದಕ್ಕೆ ಎರಡು ವರ್ಷದ ಕೆಲಸದ ಅನುಭವ ಬೇಕು. ಯುರೋಪಿನ ಎರಾಸ್ಮಸ್ ಮುಂಡಸ್ ಇದೆ. ರಾಜ್ಯದ ಪರಿಶಿಷ್ಟ ಜಾತಿ, ಪಂಗಡದ ವಿದ್ಯಾರ್ಥಿಗಳಿಗೆ ‘ಪ್ರಬುದ್ಧ’ ಯೋಜನೆ ಇದೆ. ಜರ್ಮನಿಯ ಬಹುತೇಕ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವೇ ಇಲ್ಲ.

ಕೆಲಸದ ವಿಷಯದಲ್ಲಿ ಭ್ರಮೆ ಬೇಡ. ಭಾರತೀಯ ವಿದೇಶಾಂಗ ಸೇವೆಯ ಅಧಿಕಾರಿಗಳು ಒಟ್ಟು ಸಾವಿರದ ಆಸುಪಾಸು. ವರ್ಷಕ್ಕೆ ಸೇರುವವರು ಕೆಲವು ಡಜನ್ ಮಂದಿ. ಅದೊಂದನ್ನೇ ನಂಬಿ ಓದಬಾರದು. ಎನ್‌ಇಟಿಯಲ್ಲಿ ಜೆಆರ್‌ಎಫ್ ಎಂಬ ಸಂಶೋಧನಾ ವೇತನ ಸಿಕ್ಕರೆ ತಿಂಗಳಿಗೆ 37,000 ರೂಪಾಯಿಯಲ್ಲಿ ಸಂಶೋಧನೆ ಮಾಡಬಹುದು. ಬೆಂಗಳೂರಿನ ಕಂಪನಿಗಳಲ್ಲಿ ಯಾವ ದೇಶದ ಮೇಲೆ ಯಾವ ನಿರ್ಬಂಧ ಇದೆ ಎಂದು ನೋಡಿಕೊಳ್ಳುವ ಕೆಲಸಗಳಿವೆ. ರಫ್ತು ಸಂಸ್ಥೆಗಳಿವೆ, ಪತ್ರಿಕೆಗಳಿವೆ. ನನ್ನ ಆಸೆ ಇನ್ನೊಂದು. ನಮ್ಮ ಅಡಿಕೆ, ಮೆಣಸಿನ ಸಹಕಾರಿ ಸಂಘಗಳು ವಿದೇಶಿ ವ್ಯಾಪಾರದ ನಿಯಮ ಓದಿ ಮುಂಚಿತವಾಗಿ ಎಚ್ಚರಿಸುವ ಒಬ್ಬರನ್ನಾದರೂ ನೇಮಿಸಿಕೊಳ್ಳಬೇಕು. ದರ ಬಿದ್ದ ಮೇಲೆ ನಿಯೋಗ ಒಯ್ಯುವುದಕ್ಕಿಂತ ಇದರ ಖರ್ಚು ಕಡಿಮೆ.

ಮಾತು, ಜನ

2023ರ ಏಪ್ರಿಲ್ 15ರಂದು ಸುಡಾನ್‌ನಲ್ಲಿ ಸೇನೆ ಮತ್ತು ಅರೆಸೇನಾ ಪಡೆಯ ನಡುವೆ ಯುದ್ಧ ಶುರುವಾಯಿತು. ಅಲ್ಲಿ ಸಿಕ್ಕಿಹಾಕಿಕೊಂಡವರಲ್ಲಿ ಕರ್ನಾಟಕದ ಹಕ್ಕಿಪಿಕ್ಕಿ ಜನರಿದ್ದರು. ಹುಣಸೂರಿನವರು, ಚನ್ನಗಿರಿಯವರು, ಶಿವಮೊಗ್ಗದವರು. ಗಿಡಮೂಲಿಕೆ ಎಣ್ಣೆ, ಔಷಧಿ ಮಾರಲು ಆಫ್ರಿಕಾದ ದೇಶಗಳಿಗೆ ಹೋಗಿಬರುವುದು ಅವರಲ್ಲಿ ಕೆಲವರ ಜೀವನೋಪಾಯ. ಆಪರೇಷನ್ ಕಾವೇರಿ ಹೆಸರಿನಲ್ಲಿ ಭಾರತ ತನ್ನ ಪ್ರಜೆಗಳನ್ನು ಅಲ್ಲಿಂದ ಕರೆತಂದಿತು. ವಿಧಾನಸಭಾ ಚುನಾವಣೆಯ ಹೊತ್ತು ಅದು, ಹಾಗಾಗಿ ಇಲ್ಲಿ ರಾಜಕೀಯ ವಾಗ್ವಾದವೂ ನಡೆಯಿತು. ಅದರ ಹಿಂದಿನ ವರ್ಷವಷ್ಟೇ ಹಾವೇರಿ ಜಿಲ್ಲೆಯ ಒಬ್ಬ ವೈದ್ಯಕೀಯ ವಿದ್ಯಾರ್ಥಿ ಉಕ್ರೇನಿನ ಖಾರ್ಕಿವ್‌ನಲ್ಲಿ ಪ್ರಾಣ ಕಳೆದುಕೊಂಡಿದ್ದ.

ಹಕ್ಕಿಪಿಕ್ಕಿಯವರು ಯಾವ ಪದವಿಯೂ ಇಲ್ಲದೆ ಪಾಸ್‌ಪೋರ್ಟ್, ವೀಸಾ, ಗಡಿ, ಪರದೇಶದ ಪೊಲೀಸ್ ಎಲ್ಲವನ್ನೂ ನಿಭಾಯಿಸಿದ್ದಾರೆ. ಅವರ ದಾರಿಗಳು ಹೇಗೆ ತೆರೆದವು, ಯಾರು ಮೊದಲು ಹೋದರು, ಸಂಕಟ ಬಂದಾಗ ರಾಯಭಾರ ಕಚೇರಿ ಅವರಿಗೆ ಎಷ್ಟು ಎಟಕಿತು ಎಂದು ಕೂತು ಕೇಳಿ ಬರೆದಿಡುವ ಕೆಲಸ ಬಾಕಿ ಇದೆ. ಅದಕ್ಕೆ ಅವರ ವಾಗ್ರಿ ಮಾತು ಗೊತ್ತಿರುವವರು ಜೊತೆಗಿರಬೇಕು. ಆ ಸಮುದಾಯದ ಹುಡುಗನೋ ಹುಡುಗಿಯೋ ಈ ವಿಷಯ ಓದಿ ತಾವೇ ಬರೆದರೆ ಅದಕ್ಕಿಂತ ಒಳ್ಳೆಯದು ಇಲ್ಲ.

ಭಾಷೆಯ ವಿಷಯದಲ್ಲಿ ನಮ್ಮ ಜಿಲ್ಲೆಗೆ ಇರುವ ಅನುಕೂಲವನ್ನು ನಾವು ಗಮನಿಸುವುದೇ ಇಲ್ಲ. ಶಿವಮೊಗ್ಗದಲ್ಲಿ ಉರ್ದು ಶಾಲೆಗಳಲ್ಲಿ ಓದಿದ ಮಕ್ಕಳಿಗೆ ಪರ್ಷಿಯನ್, ಅರಬಿ ಲಿಪಿಯ ಅರ್ಧ ದಾರಿ ಆಗಲೇ ಸವೆದಿರುತ್ತದೆ. ಕುದುರೆಮುಖದ ಒಪ್ಪಂದದ ಬಗ್ಗೆ ಟೆಹ್ರಾನಿನ ಪತ್ರಿಕೆಗಳು ಆಗ ಏನು ಬರೆದವು ಎಂದು ಓದಬಲ್ಲ ಶಿವಮೊಗ್ಗದ ವಿದ್ಯಾರ್ಥಿನಿಯನ್ನು ಕಲ್ಪಿಸಿಕೊಳ್ಳಿ. ಆ ಕತೆಯ ಇನ್ನೊಂದು ಅರ್ಧ ಆಗ ನಮಗೆ ಸಿಗುತ್ತದೆ.

ಕಾಲೇಜುಗಳು ಮಾಡಬಹುದಾದ್ದೂ ಇದೆ, ಅದಕ್ಕೆ ಹೊಸ ವಿಭಾಗ ತೆರೆಯಬೇಕಿಲ್ಲ. ಅಂತಿಮ ವರ್ಷದ ರಾಜ್ಯಶಾಸ್ತ್ರದ ಪ್ರಾಜೆಕ್ಟ್‌ಗೆ ‘ಭಾರತ ಅಮೆರಿಕ ಸಂಬಂಧಗಳು’ ಎಂಬ ಹಳೇ ಶೀರ್ಷಿಕೆಯ ಬದಲು ಮಂಡಿಗೆ, ಕಾಫಿ ಕ್ಯೂರಿಂಗ್ ಘಟಕಕ್ಕೆ, ಕೆಳದಿಯ ವಸ್ತುಸಂಗ್ರಹಾಲಯಕ್ಕೆ ಕಳಿಸಬಹುದು. ಅರ್ಥಶಾಸ್ತ್ರದ, ವಾಣಿಜ್ಯದ ಮೇಷ್ಟ್ರನ್ನು ಜೊತೆ ಕೂರಿಸಿಕೊಳ್ಳಬಹುದು. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದ ಗ್ರಂಥಾಲಯವನ್ನು ಪದವಿ ವಿದ್ಯಾರ್ಥಿಗಳಿಗೂ ತೋರಿಸಬಹುದು. ಹೀಗೆ ಮಾಡಿದ ಒಂದು ಸಣ್ಣ ಪ್ರಾಜೆಕ್ಟ್ ಕೈಯಲ್ಲಿದ್ದರೆ ವಿದ್ಯಾರ್ಥಿವೇತನದ ಅರ್ಜಿಯಲ್ಲಿ, ಸಂದರ್ಶನದಲ್ಲಿ ಹೇಳಲು ಸ್ವಂತ ಮಾತು ಇರುತ್ತದೆ.

ಈಗ ಐದನೇ ಸೆಮಿಸ್ಟರ್‌ನಲ್ಲಿ ಇರುವವರಿಗೆ ಒಂದು ಮಾತು. ಸಿಯುಇಟಿ ಪಿಜಿ ಸಾಮಾನ್ಯವಾಗಿ ಮಾರ್ಚ್ ಹೊತ್ತಿಗೆ ನಡೆಯುತ್ತದೆ, ಅರ್ಜಿ ಅದಕ್ಕಿಂತ ಎರಡು ಮೂರು ತಿಂಗಳು ಮುಂಚೆಯೇ ಶುರುವಾಗುತ್ತದೆ. ನಮ್ಮ ಕಡೆ ಅದು ಅಡಿಕೆ ಕೊಯ್ಲು, ಸುಲಿತದ ಸಮಯ. ಮನೆಯಲ್ಲಿ ಎಲ್ಲರಿಗೂ ಕೈತುಂಬಾ ಕೆಲಸ. ದಿನಾಂಕ ತಪ್ಪಿದರೆ ಒಂದು ವರ್ಷ ಹೋಗುತ್ತದೆ. ಹಾಗಾಗಿ ದಸರಾ ರಜೆಯಲ್ಲೇ ಪ್ರಮಾಣಪತ್ರಗಳನ್ನು ಜೋಡಿಸಿಡಿ. ಹಳೆಯ ಪ್ರಶ್ನೆಪತ್ರಿಕೆ ಇಳಿಸಿಕೊಳ್ಳಿ. ನೀವು ನಿಜವಾಗಿ ಉತ್ತರ ಹುಡುಕಬೇಕೆಂದಿರುವ ಒಂದು ಪ್ರಶ್ನೆಯನ್ನು ಒಂದು ಪುಟದಲ್ಲಿ ಬರೆದು ನಿಮ್ಮ ಮೇಷ್ಟ್ರಿಗೆ ತೋರಿಸಿ.